ಕಂಡೆನ್ಸರ್ ಮತ್ತು ನನ್ನ ಎರಡು ಪತ್ರಗಳು

ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ, ವೈಟ್‌ಫೀಲ್ಡಿನ ನಮ್ಮ ಹೆಂಚಿನ ಮನೆಯ ಫ್ರಿಜ್ ಗೂರಲು ಬಂದವರ ಹಾಗೆ ಉಸಿರೆಳೆಯುತ್ತಿತ್ತು. ಅದರೊಳಗೆ ನಮ್ಮ ಯಜಮಾನರ ಇನ್ಸುಲಿನ್. ಬಲ್ಬು ಹಗಲೆಲ್ಲ ಕೆಂಡದಂತೆ ಕೆಂಪಗೆ. ಕರೆಂಟ್ ಇದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು.

ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕೊಟ್ಟಿದ್ದ ಆಯುಧ ಒಂದೇ, ಲೆಟರ್ ರೈಟಿಂಗ್. ವೋಲ್ಟೇಜ್ ಏಕೆ ಬೀಳುತ್ತಿದೆ, ಕೈಂಡ್ಲಿ ವಿಚಾರಿಸಿ ಎಂದು ಒಂದೂವರೆ ಪುಟ ಬರೆದು ವಿದ್ಯುತ್ ಕಚೇರಿಗೆ ಕೊಟ್ಟುಬಂದೆ. ನನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿತ್ತು. ಅದಕ್ಕೋ ಏನೋ, ನಾಲ್ಕೇ ದಿನಕ್ಕೆ ಬಲ್ಬು ಬೆಳ್ಳಗಾಯಿತು.

ಆದರೆ ದಿನವೂ ನಮ್ಮ ಕಾಂಪೌಂಡಿನ ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟುಹೋಗುತ್ತಿದ್ದ ಪಕ್ಕದ ತೋಟದಾಕೆ ಬರುವುದು ನಿಂತಿತು. ಹೋಗಿ ನೋಡಿದರೆ ಮಡಿಗಳು ಬಿರಿದಿದ್ದವು. ಹೂ ಬಿಟ್ಟಿದ್ದ ಹುರುಳಿಕಾಯಿ ಗಿಡ ಸುರುಟಿಕೊಂಡಿತ್ತು. ಇನ್ನೊಂದು ವಾರ ಹೀಗೇ ಆದರೆ ಆ ಬೆಳೆ ಅವಳ ಪಾಲಿಗಿಲ್ಲ. ಕೊಡದಲ್ಲಿ ನೀರು ಹೊತ್ತು ಹೊಯ್ಯುತ್ತಿದ್ದಳು.

ತೋಟಕ್ಕೆ ನೀರೆತ್ತುವ ಪಂಪಿಗೆ ಮೂರು ಫೇಸ್ ಬೇಕಂತೆ, ನಮ್ಮ ಕಡೆ ಹಗಲು ಬರುತ್ತಿದ್ದುದು ಎರಡೇ ಅಂತೆ. ಹಾಗಾಗಿ ತೋಟದವರೆಲ್ಲ ಕಂಡೆನ್ಸರ್ ಎಂಬ ಡಬ್ಬಿ ಸೇರಿಸಿ ಎರಡರಲ್ಲೇ ಮೋಟಾರು ತಿರುಗಿಸುತ್ತಿದ್ದರು. ನಮ್ಮದೇ ಲೈನಿನಲ್ಲಿದ್ದ ಅವಳ ಮೋಟಾರು ತಿರುಗಿದಾಗೆಲ್ಲ ನಮ್ಮ ಬಲ್ಬು ಕೆಂಪಾಗುತ್ತಿತ್ತು. ಇಷ್ಟನ್ನೂ ಆಕೆ ಹೇಳಿದ್ದು ಕೊಡ ಇಳಿಸದೆ.

"ಯಾರೋ ಇಂಗ್ಲೀಸ್ನಾಗೆ ಅರ್ಜಿ ಬರ್ದವ್ರಂತೆ ಕಣಮ್ಮ. ಲೈನ್‌ಮನ್ನು ಬಂದು ಡಬ್ಬಿ ಕಿತ್ಕೊಂಡೋದ."

ನನ್ನ ಮುಖ ನೋಡಲಿಲ್ಲ. ಆ ಬೀದಿಯಲ್ಲಿ ಇಂಗ್ಲಿಷ್ ಅರ್ಜಿ ಬರೆಯುವವರು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.

"ನಾನೇ ಬರೆದಿದ್ದು," ಅಂದೆ. "ಇನ್ಸುಲಿನ್ ಕೆಟ್ಟುಹೋಗ್ತಿತ್ತು. ನಿನ್ನ ಪಂಪು ಅಂತ ರಿಯಲಿ ಗೊತ್ತಿರಲಿಲ್ಲ."

"ಯಜಮಾನ್ರ ಔಸ್ದಿ ಅಂದಿದ್ರೆ ನಾನೇ ಮಧ್ಯಾನ ನಿಲ್ಲಿಸ್ತಿರ್ಲಿಲ್ವ? ಗೋಡೆ ಪಕ್ದಾಗೆ ನಾನಿದ್ದೆ. ನೀವು ಆಪೀಸ್ನೋರ್ನ ಕೇಳೋಕೋದ್ರಿ."

ಮರುದಿನ ಇನ್ನೊಂದು ಪತ್ರ ಬರೆದುಕೊಂಡು ಹೋದೆ. ಹಿಂದಿನ ಕಂಪ್ಲೇಂಟ್ ಅನ್ನು ವಿತ್‌ಡ್ರಾ ಮಾಡುತ್ತೇನೆ ಎಂದು. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. "ಎರಡೂ ಚೆನ್ನಾಗಿದೆ ಮೇಡಂ. ಈಗ ವೋಲ್ಟೇಜ್ ಬೇಕೋ ಬೇಡ್ವೋ?"

ನಮ್ಮ ಹೆಂಚಿನ ಮೇಲೆಯೇ ಹಾದು ಹೊಸ ಗಾಜಿನ ಕಟ್ಟಡಕ್ಕೆ ಹೋಗುವ ದಪ್ಪ ತಂತಿಗಳಲ್ಲಿ ಮೂರೂ ಫೇಸ್ ಇದೆಯೇ ಎಂದು ಕೇಳಿದೆ. ಅದು ಬೇರೆ ಲೈನ್ ಅಂದರು. ಬೇರೆ ಅಂದರೆ? ಬೇರೆ, ಅಷ್ಟೆ. ಆಮೇಲೆ ಮೂಲೆಯಲ್ಲಿದ್ದ, ಅವಳ ತೋಟದಿಂದ ಕಿತ್ತುತಂದ ಡಬ್ಬಿಯತ್ತ ಕಣ್ಣು ಹಾಯಿಸಿ, ತಾವು ಊಟಕ್ಕೆ ಎದ್ದುಹೋದರು.

ಕಂಡೆನ್ಸರನ್ನು ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಳ್ಳತನವೋ ನ್ಯಾಯವೋ, ಈಗಲೂ ತಿಳಿಯದು.

ಅಂದಿನಿಂದ ಬೆಳಗ್ಗೆ ಹನ್ನೊಂದು ಗಂಟೆಯವರೆಗೆ ಅವಳ ಮೋಟಾರು, ಆಮೇಲೆ ನಮ್ಮ ಫ್ರಿಜ್. ಬೆಳಗಿನ ಹೊತ್ತು ಇನ್ಸುಲಿನ್ ಇಡಲು ಒದ್ದೆ ಮರಳು ತುಂಬಿದ ಮಡಕೆಯನ್ನು ಅವಳೇ ತಂದುಕೊಟ್ಟಳು. ಬಲ್ಬು ಕೆಂಪಾದ ಕೂಡಲೇ ನಾನು ಕಿಟಕಿಗೆ ಬಂದು ನಿಲ್ಲುತ್ತಿದ್ದೆ. ಹುರುಳಿಕಾಯಿ ಸಾಲಿನಲ್ಲಿ ನೀರು ಹರಿಯುವುದು ಕಾಣುತ್ತಿತ್ತು.