ಎರಡನೆಯ ಗುಂಡಿ

ಜಪಾನಿನ ಎಡೋಗಾವಾದ ಆ ಅಪಾರ್ಟ್‌ಮೆಂಟಿನಲ್ಲಿ ವಸುಂಧರಾ ಹಾಕಿದ ಹೊಲಿಗೆ ಬಿಚ್ಚಿತೆಂದು ದೂರಿದವರಿಲ್ಲ. ಕೊರೊನಾದ ಹೊಸತರಲ್ಲಿ ಅಂಗಡಿಗಳಿಂದ ಮಾಸ್ಕ್ ಮಾಯವಾದಾಗ, ಹಳೆಯ ಕಾಟನ್ ಸೀರೆಗಳನ್ನು ಕತ್ತರಿಸಿ ಕಟ್ಟಡದ ಕನ್ನಡದವರ ಮುಖವನ್ನೆಲ್ಲ ಮುಚ್ಚಿದವಳು ಅವಳೇ. ದಾರವನ್ನು ಹಲ್ಲಿನಿಂದ ಕಡಿಯುವುದು ಮೈಸೂರಿನ ತಾಯಿಯಿಂದ ಬಂದ ಅಭ್ಯಾಸ. ಗಂಡ ಹರಿಪ್ರಸಾದ ಶಿನಾಗಾವಾದ ಆಫೀಸನ್ನು ಬೆಡ್‌ರೂಮಿಗೇ ತಂದುಕೊಂಡು ಕೂತಿದ್ದ. ಹದಿನೈದರ ಮಗ ವಿನಾಯಕ್ ಜಪಾನಿ ಶಾಲೆ ಸೇರಿದ ಮೇಲೆ ಮನೆಯಲ್ಲಿ ಬಾಯಿ ಬಿಡುವುದೇ ಅಪರೂಪವಾಗಿತ್ತು. ಅವನಿಗಿದ್ದ ಗೆಳೆಯ ಒಬ್ಬನೇ, ಹಾಯಾಟೊ.

ಅಂಥ ಹುಡುಗ ಫೆಬ್ರವರಿಯ ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಮಂಗಾ ಎಂಬ ಜಪಾನಿ ಚಿತ್ರಕಥೆಯ ಪುಸ್ತಕವೊಂದನ್ನು ತಂದಿಟ್ಟ.

"ಅಮ್ಮ, ಫ್ರೀ ಆದಾಗ ಇದನ್ನ ನೋಡು. ಪಿಕ್ಚರ್ಸ್ ನೋಡಿದ್ರೂ ಸಾಕು."

"ಏನೋ ಇದು?"

"ಜಸ್ಟ್ ನೋಡು."

ವಸುಂಧರಾ ಕನ್ನಡ ಪುಸ್ತಕ ತೆರೆಯುವ ಹಾಗೆಯೇ ಅದನ್ನು ಎಡಗಡೆಯಿಂದ ತೆರೆದಳು. ಅವಳ ಜಪಾನಿ ಪಾಠದ ಪುಸ್ತಕವೂ, ವಾರ್ಡ್ ಆಫೀಸಿನ ನೋಟೀಸುಗಳೂ ಹಾಗೆಯೇ ತೆರೆಯುತ್ತಿದ್ದವು. ಮೊದಲ ಚಿತ್ರದಲ್ಲಿ ಶಾಲೆಯ ಹುಡುಗನೊಬ್ಬ ಕೋಟಿನ ಎರಡನೆಯ ಗುಂಡಿ, ಎದೆಗೆ ಹತ್ತಿರದ್ದು, ಕಿತ್ತು ಇನ್ನೊಬ್ಬ ಹುಡುಗನ ಅಂಗೈಯಲ್ಲಿಡುತ್ತಿದ್ದ. ಇಬ್ಬರ ಕಣ್ಣಲ್ಲೂ ನೀರು. ಮುಂದೆ ಕೈ ಕೈ ಹಿಡಿದು ನಡೆದಿದ್ದರು. ವಸುಂಧರಾ ಗಡಿಬಿಡಿಯಿಂದ ಪುಟ ತಿರುವಿದಳು. ಕಡೆಯ ಚಿತ್ರದಲ್ಲಿ ಇಬ್ಬರೂ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಗುರುತೇ ಇಲ್ಲದವರಂತೆ ದೂರ ದೂರ ನಿಂತಿದ್ದರು. ಹೋದ ಜೀವ ಬಂದಂತಾಯಿತು.

"ನೋಡ್ದೆ ಕಣೋ. ಕೊನೆಗೆ ದೂರ ಆಗ್ತಾರಲ್ಲ, ಒಳ್ಳೇದಾಯ್ತು ಬಿಡು. ವಯಸ್ಸಿನ ಹುಚ್ಚು ಅವೆಲ್ಲ."

ವಿನಾಯಕ್ ಅವಳ ಮುಖವನ್ನೇ ನೋಡಿದ. "ಓಕೆ" ಎಂದು ಪುಸ್ತಕ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡ. ಆಮೇಲಿನ ದಿನಗಳಲ್ಲಿ ಅವನಿಗೆ ಊಟ ಸೇರಲಿಲ್ಲ. ಏನೋ ಎಡವಟ್ಟಾಗಿದೆಯೆಂದು ಅವಳಿಗೆ ಗೊತ್ತಾಯಿತು. ಆದರೆ ಕೇಳಲು ಭಯ. ಕೇಳಿ, ಅವನು ಹೇಳಿಯೇ ಬಿಟ್ಟರೆ?

ಮಾರ್ಚಿನಲ್ಲಿ ಶಾಲೆಯ ಬೀಳ್ಕೊಡುಗೆ. ಅಂದು ಬೆಳಿಗ್ಗೆ ವಿನಾಯಕನ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಇಂಥ ದಿನ ಗುಂಡಿ ಬಿದ್ದರೆ ಮರ್ಯಾದೆಯ ಗತಿಯೇನು ಎಂದು, ಮಗ ಸ್ನಾನಕ್ಕೆ ಹೋದಾಗ ಜೋಡಿ ದಾರದಲ್ಲಿ ಬಿಗಿಯಾಗಿ ಹೊಲಿದಿಟ್ಟಳು.

ಕೊರೊನಾ ಕಾರಣ ಮನೆಗೊಬ್ಬರಿಗೇ ಪ್ರವೇಶ. ಹರಿಪ್ರಸಾದನಿಗೆ ಮೀಟಿಂಗು, ಹಾಗಾಗಿ ಅವಳೇ ಹೋದಳು. ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ವಿನಾಯಕ್ ಹಾಯಾಟೊನ ಎದುರು ನಿಂತು ಗುಂಡಿಯನ್ನು ಎಳೆಯುತ್ತಿದ್ದ. ತಿರುಚಿದ, ಜಗ್ಗಿದ. ಬರಲಿಲ್ಲ. ಹಾಯಾಟೊನ ಮನೆಯವರು ಅಂದೇ ಊರು ಬಿಟ್ಟು ದೂರದ ಸಪ್ಪೊರೊಗೆ ಹೊರಡುವವರಿದ್ದರು. ಗೇಟಿನಿಂದ ಅವನ ತಂದೆ ಕರೆದರು. ಹುಡುಗ ತಲೆ ಬಾಗಿಸಿ ವಂದಿಸಿ ಹೊರಟ.

ಈ ಚಿತ್ರವನ್ನು ಅವಳು ನೋಡಿದ್ದಳು. ಪುಸ್ತಕದ ಮೊದಲ ಪುಟದಲ್ಲಿ. ಪಕ್ಕದಲ್ಲಿ ಹುಡುಗಿಯೊಬ್ಬಳು ಯಾರೋ ಹುಡುಗ ಕಿತ್ತುಕೊಟ್ಟ ಅಂಥದೇ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಮತ್ತೊಂದು ಕೈಯಲ್ಲಿ ಶಾಲೆಯ ಸ್ಮರಣ ಪುಸ್ತಕವನ್ನು ಬಲಗಡೆಯಿಂದ ತೆರೆಯುತ್ತಿದ್ದಳು. ಇಲ್ಲಿನ ಕೆಲವು ಪುಸ್ತಕಗಳು ಬಲಗಡೆಯಿಂದಲೇ ಶುರುವಾಗುತ್ತವೆಂದು ವಸುಂಧರೆಗೆ ಆಗ ಹೊಳೆಯಿತು. ಅದು ಮೊದಲ ಪುಟವಲ್ಲ, ಕೊನೆಯದು. ಆ ಹುಡುಗರು ಅಪರಿಚಿತರಾಗಿ ಶುರುವಾಗಿ ಇಲ್ಲಿಗೆ ಬಂದಿದ್ದರು. ಮಗ ತನ್ನ ಜೀವವನ್ನೇ ಮೇಜಿನ ಮೇಲೆ ತಂದಿಟ್ಟಿದ್ದ. ಅವಳು ಅದನ್ನು ಹಿಂದುಮುಂದಾಗಿ ಓದಿ, ಒಳ್ಳೇದಾಯ್ತು ಎಂದಿದ್ದಳು. ಗುಂಡಿಯ ದಾರವನ್ನು ಸಡಿಲಿಸಿಟ್ಟವನೂ ಅವನೇ.

ದಾಪುಗಾಲು ಹಾಕಿ ಹೋದಳು. "ಅಲ್ಲಾಡ್ಬೇಡ."

ಮಾಸ್ಕನ್ನು ಗಲ್ಲಕ್ಕೆ ಎಳೆದು, ಅಷ್ಟು ಜನರ ನಡುವೆ ಮಗನ ಎದೆಗೆ ಬಾಯಿ ಹಾಕಿ ದಾರ ಕಡಿದಳು. ಮೂರನೆಯ ಸಲಕ್ಕೆ ಗುಂಡಿ ಬಂತು.

"ಓಡು."

ಹಾಯಾಟೊ ಆಗಲೇ ಗೇಟು ದಾಟಿದ್ದ. ವಿನಾಯಕ್ ಓಡಿದ. ಹರಿಪ್ರಸಾದನಿಗೆ ಏನು ಹೇಳುವುದೋ ಅವಳಿಗೆ ತಿಳಿಯಲಿಲ್ಲ, ಭಯವೂ ಹೋಗಿರಲಿಲ್ಲ. ಟೀಚರೊಬ್ಬರು ಹತ್ತಿರ ಬಂದು ಮೆಲ್ಲನೆ ತಮ್ಮ ಮಾಸ್ಕನ್ನು ಮುಟ್ಟಿ ತೋರಿಸಿದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಅವಳು ನಾಲಿಗೆಯ ಮೇಲಿದ್ದ ದಾರವನ್ನು ತೆಗೆದು ಮಾಸ್ಕ್ ಏರಿಸಿಕೊಂಡಳು, ಗೇಟಿನಿಂದ ಕಣ್ಣು ಕೀಳದೆ.