ಅರ್ಪಿತ ಒತ್ತಿದ ಸೊನ್ನೆ

ಬನ್ನೂರಿನಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ ಅರ್ಪಿತ, ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಲಸಿಕೆ, ಬಸುರಿಯರ ತಪಾಸಣೆ ಎಲ್ಲದರಲ್ಲೂ ಚುರುಕು. ಬೇಸರವಿದ್ದದ್ದು ಒಂದೇ ಕೆಲಸದಲ್ಲಿ: ಊರಿನಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿಭೇದಿ ಎಂದು ಮೊಬೈಲಿನಲ್ಲಿ ತುಂಬಿ ಕಳಿಸುವುದು. ಕಾಯಿಲೆ ಇಂಥದ್ದೇ ಎಂದು ಲ್ಯಾಬಿನವರು ಹೇಳುವ ಮೊದಲೇ, ಲಕ್ಷಣಗಳ ಲೆಕ್ಕ ಏರಿದ್ದು ಕಂಡು ತಾಲ್ಲೂಕಿನವರು ಓಡಿಬರಲಿ ಎಂದು ಮಾಡಿದ್ದ ಏರ್ಪಾಡು ಅದು. ಆದರೆ ಅಂಕಿ ಹಾಕಿದರೆ ಫೋನು, ವಿವರಣೆ, ನೀರಿನ ಸ್ಯಾಂಪಲ್ಲು. ಸೊನ್ನೆ ಹಾಕಿದರೆ ಯಾರೂ ಕೇಳುವುದಿಲ್ಲ. ಮನೆಗೆ ಮರಳುವ ಬಸ್ಸಿನಲ್ಲಿ ಕೂತೇ ಸೊನ್ನೆ ಒತ್ತುವುದು ಅವಳಿಗೆ ರೂಢಿಯಾಯಿತು.

ಒಂದು ಬೇಸಿಗೆಯಲ್ಲಿ ಊರಾಚೆಯ ಕಾಲೋನಿಯ ಆಶಾ ಕಾರ್ಯಕರ್ತೆ ಗೋವಿಂದಮ್ಮ ಬಂದು ಹೇಳಿದಳು: "ಸಿಸ್ಟರೆ, ನಮ್ ಬೀದೀಲಿ ನಾಕೈದು ಮನೇಲಿ ಭೇದಿ ಸುರುವಾಗದೆ. ನಲ್ಲಿ ನೀರೂ ವಾಸ್ನೆ."

"ಮದ್ವೆ ಸೀಸನ್ನು, ಊಟ ಹೆಚ್ಚಾಗಿರ್ಬೇಕು ಕಣಕ್ಕ. ಓಆರೆಸ್ ಕೊಟ್ಟಿರಿ, ನಾಳೆ ಬಂದು ನೋಡ್ತೀನಿ."

ಮರುದಿನ ಲಸಿಕೆ, ಅದರ ಮಾರನೆಯ ದಿನ ಮೀಟಿಂಗು. ಅರ್ಪಿತ ಹೋಗಲಿಲ್ಲ. ಸಂಜೆಯ ಬಸ್ಸಿನಿಂದ ಸೊನ್ನೆ ಮಾತ್ರ ತಪ್ಪದೆ ಹೋಯಿತು.

ವಾರ ಕಳೆಯುವುದರೊಳಗೆ ಅದೇ ಬೀದಿಯ ಮುದುಕಿ ಮರಿತಾಯಮ್ಮ ಕಣ್ಣು ಗುಳಿಬಿದ್ದು, ಮಾತು ನಿಂತು, ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿದಳು. ಅವಳ ಹಿಂದೆಯೇ ಇನ್ನೂ ಹಲವರು. ತಾಲ್ಲೂಕಿನಿಂದ ಡಾಕ್ಟರು ಧಾವಿಸಿ ಬಂದರು. ಚರಂಡಿಯೊಳಗೆ ಹಾದಿದ್ದ ನಲ್ಲಿ ಪೈಪು ಒಡೆದಿತ್ತು.

"ಇಷ್ಟು ಜನ ಮಲಗಿದ್ರೂ ನಮ್ಗೆ ಸೊನ್ನೆ ಬರ್ತಿದೆಯಲ್ಲ? ಸಿಸ್ಟರಿಗೆ ಯಾಕಮ್ಮಾ ತಿಳಿಸ್ಲಿಲ್ಲ ನೀವು?" ಎಂದು ಡಾಕ್ಟರು ಬೀದಿಯವರ ಎದುರೇ ಗೋವಿಂದಮ್ಮನನ್ನು ಗದರಿದರು.

ಗೋವಿಂದಮ್ಮ ಒಮ್ಮೆ ಅರ್ಪಿತಳ ಕಡೆ ನೋಡಿದಳು. "ಮರ್ತೋಗ್ಬುಟ್ಟೆ ಸಾ. ತಪ್ಪಾಯ್ತು."

ಅರ್ಪಿತಳ ಮುಖ ಬಿಸಿಯಾಯಿತು. ನಿಜ ಹೇಳಲು ಒಂದು ಮಾತು ಸಾಕಿತ್ತು. ಕ್ಲೋರಿನ್ ಮಾತ್ರೆಯ ಚೀಲ ಹಿಡಿದು ಡಾಕ್ಟರ ಹಿಂದೆ ನಡೆದಳು. "ಸಿಸ್ಟರಮ್ಮ ಬಂದ್ರು, ಒಳೀಕ್ ಬನ್ನಿ" ಎಂದು ಹೆಂಗಸರು ಕರೆದಾಗಲೆಲ್ಲ ನೆಲ ನೋಡಿದಳು. ಮರಿತಾಯಮ್ಮನ ಮನೆಗೆ ಬೀಗ ಹಾಕಿತ್ತು. ಅವಳು ಅಲ್ಲೇ ನಿಂತು ಡಾಕ್ಟರನ್ನು ಕರೆದಳು.

"ಸರ್, ಗೋವಿಂದಕ್ಕ ಮರ್ತಿರ್ಲಿಲ್ಲ. ನನ್ಗೆ ಬಂದು ಹೇಳಿದ್ರು. ನೋಡ್ದೇನೇ ಸೊನ್ನೆ ಹಾಕಿದ್ದು ನಾನು. ಇದೊಂದೇ ಸಲ ಅಲ್ಲ ಸರ್."

ಡಾಕ್ಟರು ಬಯ್ಯಲಿಲ್ಲ. "ಹಾಗಾದ್ರೆ ಇಷ್ಟು ದಿನ ಊರಿನ ಲೆಕ್ಕ ಅಂತ ನಾನು ಏನನ್ನ ನೋಡ್ತಿದ್ದೆ?" ಎಂದಷ್ಟೇ ಕೇಳಿದರು. ನೋಟಿಸು ಆಮೇಲೆ ಬಂತು.

ಆ ಸಂಜೆ ಅರ್ಪಿತ ಗೋವಿಂದಮ್ಮನನ್ನು ಕೇಳಿದಳು: "ನನ್ನ ಉಳ್ಸೋಕೆ ಯಾಕಕ್ಕ ಸುಳ್ಳು ಹೇಳಿದ್ರಿ?"

"ನಿಮ್ಮುನ್ನ ಉಳ್ಸಕಲ್ಲ ಸಿಸ್ಟರೆ. ಇಂದೆ ಇದ್ದ ಸಿಸ್ಟರು ಬೀದೀಲೇ ನಿಂತ್ಕಂಡು ಮಾತ್ರೆ ಕೊಟ್ಟು ಓಯ್ತಿದ್ರು. ನೀವು ನಮ್ ಮನೆ ಒಳೀಕ್ ಬತ್ತೀರಿ, ನೀರು ಕುಡೀತೀರಿ. ನಿಮ್ಮುನ್ನ ಎತ್ತಾಕ್ಬುಟ್ರೆ ಇನ್ಯಾರು ಬಂದಾರು ಅಂತ."

ಅವಳು ಬಯ್ದಿದ್ದರೇ ವಾಸಿಯಿತ್ತು ಎನಿಸಿತು ಅರ್ಪಿತಳಿಗೆ.

ಈಗ ಅವಳು ಬೀದಿ ಸುತ್ತಿ ಬಂದು, ಮೆಡಿಕಲ್ ಶಾಪಿನ ಸಿದ್ದರಾಜುವಿನ ಬಳಿ ಯಾವ ಮಾತ್ರೆ ಹೆಚ್ಚು ಹೋಗುತ್ತಿದೆ ಎಂದು ವಿಚಾರಿಸಿ, ಆಮೇಲೇ ಅಂಕಿ ತುಂಬುತ್ತಾಳೆ. ಮರಿತಾಯಮ್ಮ ಬದುಕಿ ಬಂದಳು. ಆದರೆ ಕೋಲಿಲ್ಲದೆ ನಡೆಯಲಾರಳು. ಅರ್ಪಿತ ಮನೆಗೆ ಹೋದಾಗಲೆಲ್ಲ "ಬಾವ್ವ, ಕೂತ್ಕೊ" ಎಂದು ಚಾಪೆ ಹಾಸುತ್ತಾಳೆ. ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತುವಾಗ ಅರ್ಪಿತ ಇಂದಿಗೂ ಅವಳ ಮುಖ ನೋಡಿ ಮಾತಾಡಲಾರಳು.