ಕಾಲು ಚಾಚಲು ಒಂದು ದಿಕ್ಕು

ನನ್ನ ಮೊಣಕಾಲುಗಳು ನಲವತ್ತೈದಕ್ಕೇ ಕೈಕೊಟ್ಟವು. ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದೆನೆಂದರೆ ಏಳಲು ಗೋಡೆ ಬೇಕು, ಗೋಡೆ ಸಾಲದಿದ್ದರೆ ಯಾರದಾದರೂ ಕೈ ಬೇಕು. ನೋವಿಗಿಂತ ಆ ಕೈ ಬೇಡಿ ಬೇಡಿಯೇ ನನಗೆ ಸಾಕಾಗಿಹೋಗಿತ್ತು.

ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿನ ಡಾಕ್ಟರ ಬಳಿ ಹೋದೆ. ಅವರು ಕಾಲು ಬಗ್ಗಿಸಿ, ಚಾಚಿಸಿ ನೋಡಿದರು.

"ಕೀಲು ಸವದಾವ್ರಿ ಅಕ್ಕಾ. ಸವದದ್ದು ತಿರುಗಿ ಬರಂಗಿಲ್ಲ. ತೊಡಿ ಗಟ್ಟಿ ಮಾಡ್ಕೋರಿ, ಮೊಣಕಾಲಿನ ಭಾರ ಅದು ಹೊರತದ."

"ಇಡೀ ದಿನ ದುಡಿತೀನ್ರಿ ಸಾಹೇಬ್ರ, ಮತ್ತ ಕಸರತ್ತು ಯಾಕ?"

"ದುಡಿದೇ ಸವದಾವ್ರಿ," ಎಂದರು.

ನೆಲದ ಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಮೊಳ ಎತ್ತಿ ಹತ್ತು ಎಣಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಹೊರಸಿನ ಮೇಲೆ ಮಾಡಬಾರದು, ಹಗ್ಗದ ಮಂಚ ಜೋಲುತ್ತದೆ.

ಮನೆಗೆ ಬಂದು ಚಾಪೆ ಹಾಸಿದೆ. ನಮ್ಮದು ಒಂದೇ ಪಡಸಾಲೆ. ಮೂಡಣಕ್ಕೆ ಕಾಲು ಚಾಚಿದೆ. "ದೇವರ ಜಗಲಿ ಅದ!" ಎಂದು ಅತ್ತೆ ಕೂಗಿದರು. ತೆಂಕಣಕ್ಕೆ ತಿರುಗಿದೆ. "ನಿಮ್ಮ ಮಾವನ ಫೋಟೊ!" ಪಡುವಣಕ್ಕೆ ಜೋಳದ ಚೀಲ, ಅನ್ನಕ್ಕೆ ಕಾಲು ತೋರಿಸುವುದುಂಟೇ? ಮೂಲೆಗೆ ಓರೆಯಾಗಿ ಮಲಗಿದರೆ ಅಲ್ಲಿ ಕಸಬರಿಗೆ, ಅದೂ ಲಕ್ಷ್ಮಿಯಂತೆ. ಉಳಿದ ಬಡಗಣದಲ್ಲಿ ಹೊರಸಿನ ಮೇಲೆ ಅತ್ತೆಯೇ ಕುಳಿತಿದ್ದರು. ಸಿಟ್ಟು ನುಂಗಿ ಚಾಪೆ ಸುತ್ತಿಟ್ಟೆ.

ಒಂದು ಮಧ್ಯಾಹ್ನ ಒಲೆಯ ಮುಂದಿನಿಂದ ಏಳಲಾಗಲೇ ಇಲ್ಲ. ಮನೆಯಲ್ಲಿ ಅತ್ತೆಯೊಬ್ಬರೇ. "ಕೈ ಕೊಡು" ಎಂದು ಎಳೆಯಲು ಬಂದವರು ಆಯ ತಪ್ಪಿ ನನ್ನ ಪಕ್ಕದಲ್ಲೇ ಕುಸಿದು ಕುಳಿತರು. ಅವರ ಮೊಣಕಾಲುಗಳು ನನ್ನವಕ್ಕಿಂತ ಹಳೆಯವು. ಯಜಮಾನರು ಅಂಗಡಿಯಿಂದ ಬರುವವರೆಗೆ, ಹೆಚ್ಚೂಕಡಿಮೆ ಒಂದು ತಾಸು, ಇಬ್ಬರೂ ಹಾಗೇ ಇದ್ದೆವು. ಮೊದಲು ನಗು ಬಂತು, ಆಮೇಲೆ ನನಗೆ ಅಳು ಬಂತು. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

ಮರುದಿನ ಬೆಳಿಗ್ಗೆ ಚಾಪೆಯನ್ನು ಅವರೇ ಬಿಡಿಸಿದರು.

"ನನ್ನ ಕಡಿ ಕಾಲು ಮಾಡು."

"ಹ್ಯಾಂಗ ಮಾಡ್ಲಿರಿ ಅತ್ತಿ? ಪಾಪ ಬರ್ತದ."

"ಬಂದ್ರ ನನಗ ಬರಲಿ. ಮಾಡು."

ಅಂದಿನಿಂದ ಅವರು ಹೊರಸಿನ ಮೇಲೆ ಕುಳಿತು ಊರುಗೋಲನ್ನು ಅಡ್ಡ ಹಿಡಿಯುತ್ತಿದ್ದರು, ನನ್ನ ಹೆಬ್ಬೆರಳು ಅದನ್ನು ಮುಟ್ಟಬೇಕು. ಎಣಿಸುವುದೂ ಅವರೇ. ಏಳಾದ ಮೇಲೆ ಬೇಕೆಂದೇ ತಡೆದು, ನಾನು "ಅತ್ತೀ!" ಎಂದು ಚೀರಿದ ಮೇಲೆ "ಎಂಟು" ಎನ್ನುತ್ತಿದ್ದರು. ಮೂರು ತಿಂಗಳಿಗೆ ಯಾರ ಕೈಯೂ ಇಲ್ಲದೆ ಎದ್ದೆ. ನೋವು ಹೋಗಲಿಲ್ಲ. ಒಂದು ವಾರ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ದಿನಾ ಅದೇ ಚಾಪೆ, ಅದೇ ಹತ್ತು. ಇದಕ್ಕೊಂದು ಕೊನೆಯಿಲ್ಲವಲ್ಲ ಎಂದು ಎಷ್ಟೋ ಸಲ ರೋಸಿಹೋಗಿದ್ದೇನೆ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಯಜಮಾನರು ಹೊರಸು ತೆಗೆದು, ಅದೇ ಗೋಡೆಗೆ ಅವರ ಫೋಟೊ ಹಾಕಿದರು.

"ಈಗ ಯಾವ ಕಡಿ ಕಾಲು ಮಾಡ್ತಿ?" ಎಂದು ಕೇಳಿದರು.

ನಾನು ಚಾಪೆ ಹಾಸಿ ಫೋಟೊದ ಕಡೆಗೇ ಕಾಲು ಚಾಚಿ ಎತ್ತಿದೆ. ಏಳರವರೆಗೆ ಎಣಿಸಿದೆ. ಎಂಟು ಎನ್ನುವವರು ಇರಲಿಲ್ಲ. ನಡುಕ ಬರುವವರೆಗೆ ಕಾಲನ್ನು ಹಾಗೇ ಹಿಡಿದಿದ್ದೆ.